ಕಡಲ ದಾರಿಯ ಆಶ್ರಯಾರ್ಥಿಗಳು ಮತ್ತು ಆಸ್ಟ್ರೇಲಿಯಾದ ವಿರೋಧ ರಾಜಕಾರಣ

ಆಸ್ಟ್ರೇಲಿಯಾ ಸರ್ಕಾರದ ನಿರಾಶ್ರಿತ ನೀತಿಗೆ ಎದುರಾದ ರಾಜಕೀಯ ವಿರೋಧದ ಚರಿತ್ರೆಯನ್ನು ಸಂಸತ್ತಿನ ಅಧಿಕೃತ ವಿರೋಧ ಪಕ್ಷದ ಭಾಷಣಗಳಲ್ಲಿ ಹುಡುಕಹೊರಟರೆ ಸಿಗುವುದು ಅಲ್ಪವೇ. ಕಳೆದ ಮೂರು ದಶಕಗಳಲ್ಲಿ ಲೇಬರ್ ಪಕ್ಷವೂ ಲಿಬರಲ್-ನ್ಯಾಷನಲ್ ಮೈತ್ರಿಕೂಟವೂ ಸರದಿಯ ಮೇಲೆ ಅಧಿಕಾರ ನಡೆಸಿವೆಯಾದರೂ, ದೋಣಿಗಳಲ್ಲಿ ಬಂದು ಆಶ್ರಯ ಕೋರುವವರನ್ನು ತಡೆಯಬೇಕು, ಬಂದವರನ್ನು ಬಂಧನದಲ್ಲಿಡಬೇಕು ಎಂಬ ಮೂಲ ನಿಲುವಿನಲ್ಲಿ ಅವೆರಡರ ನಡುವಿನ ಅಂತರ ಬಹುಪಾಲು ಕಿರಿದಾಗಿಯೇ ಉಳಿದಿದೆ. ಸರ್ಕಾರಗಳನ್ನು ನಿಜವಾಗಿ ಪೇಚಿಗೆ ಸಿಲುಕಿಸಿದ ವಿರೋಧ ನ್ಯಾಯಾಲಯಗಳಿಂದ, ಸೆನೆಟ್‌ನ ಸಣ್ಣ ಪಕ್ಷಗಳಿಂದ, ಆಳುವ ಪಕ್ಷದ್ದೇ ಹಿಂದಿನ ಸಾಲಿನ ಸದಸ್ಯರಿಂದ, ವೈದ್ಯರಿಂದ, ಕೆಲವೊಮ್ಮೆ ಸಣ್ಣ ಪಟ್ಟಣಗಳ ನಿವಾಸಿಗಳಿಂದ ಬಂದಿತು.

ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ ಕಾರಣದಿಂದ ಕಿರುಕುಳಕ್ಕೆ ಗುರಿಯಾಗುವ ಸಕಾರಣ ಭಯವಿದ್ದು ತನ್ನ ದೇಶದ ಹೊರಗಿರುವವನನ್ನು 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದವು ನಿರಾಶ್ರಿತನೆಂದು ಗುರುತಿಸುತ್ತದೆ. ಆ ಸ್ಥಾನಕ್ಕಾಗಿ ಅರ್ಜಿ ಹಾಕಿ ತೀರ್ಮಾನಕ್ಕೆ ಕಾದಿರುವವನು ಆಶ್ರಯಾರ್ಥಿ. ಆಸ್ಟ್ರೇಲಿಯಾ 1954ರಲ್ಲಿ ಈ ಒಪ್ಪಂದವನ್ನು ಒಪ್ಪಿಕೊಂಡಿತು. ಟಿಬೆಟನ್ನರಿಗೆ ಬೈಲಕುಪ್ಪೆಯಲ್ಲಿ ನೆಲೆ ಕೊಟ್ಟ ಭಾರತ ಇಂದಿಗೂ ಅದಕ್ಕೆ ಸಹಿ ಹಾಕಿಲ್ಲ. ಹೀಗಾಗಿ ಒಪ್ಪಂದಕ್ಕೆ ಸಹಿ ಬೀಳುವುದಕ್ಕೂ ಬಂದವರಿಗೆ ಜಾಗ ಸಿಗುವುದಕ್ಕೂ ನೇರ ಸಂಬಂಧವಿದೆಯೆಂದು ಭಾವಿಸಬೇಕಾಗಿಲ್ಲ.

ಯುದ್ಧಾನಂತರದ ವಿಯೆಟ್ನಾಂನಿಂದ ಹೊರಟ ಮೊದಲ ದೋಣಿ ಐವರನ್ನು ಹೊತ್ತು 1976ರ ಏಪ್ರಿಲ್‌ನಲ್ಲಿ ಡಾರ್ವಿನ್ ಬಂದರು ತಲುಪಿತು. ಮುಂದಿನ ಐದಾರು ವರ್ಷಗಳಲ್ಲಿ ಹೀಗೆ ನೇರವಾಗಿ ಬಂದವರು ಸುಮಾರು 2,000 ಮಂದಿ. ಆ ಕಾಲದ ವಿರೋಧದ ದಿಕ್ಕು ಇಂದಿನ ಓದುಗರಿಗೆ ಅಚ್ಚರಿ ತರಬಹುದು: ಅಧಿಕಾರದಲ್ಲಿದ್ದವರು ಲಿಬರಲ್ ಪಕ್ಷದ ಮಾಲ್ಕಂ ಫ್ರೇಸರ್, ಅನುಮಾನ ವ್ಯಕ್ತಪಡಿಸಿದವರು ಲೇಬರ್ ಪಕ್ಷದ ಕೆಲವು ನಾಯಕರು ಮತ್ತು ಡಾರ್ವಿನ್‌ನ ಬಂದರು ಕಾರ್ಮಿಕರು. ಕಮ್ಯುನಿಸ್ಟ್ ಸರ್ಕಾರದಿಂದ ಓಡಿಬಂದವರ ಬಗ್ಗೆ ಎಡಪಂಥಕ್ಕಿದ್ದ ಸಂಶಯವೂ ಕೂಲಿ ಕುಸಿಯುವ ಭಯವೂ ಅಲ್ಲಿ ಬೆರೆತಿದ್ದವು. ಫ್ರೇಸರ್ ಸರ್ಕಾರ ಪ್ರಾದೇಶಿಕ ಶಿಬಿರಗಳಿಂದ ಹತ್ತಾರು ಸಾವಿರ ಇಂಡೋಚೀನೀಯರನ್ನು ವ್ಯವಸ್ಥಿತವಾಗಿ ಕರೆಸಿಕೊಂಡದ್ದರಿಂದ ಆ ಅಸಮಾಧಾನ ದೊಡ್ಡ ಚುನಾವಣಾ ವಿಷಯವಾಗಿ ಬೆಳೆಯಲಿಲ್ಲ.

ಇಂದಿಗೂ ಚಾಲ್ತಿಯಲ್ಲಿರುವ ಕಡ್ಡಾಯ ಬಂಧನದ ನಿಯಮ, ಅಂದರೆ ವೀಸಾ ಇಲ್ಲದೆ ಬಂದವರನ್ನು ನ್ಯಾಯಾಧೀಶರ ಆದೇಶದ ಅಗತ್ಯವಿಲ್ಲದೆಯೇ ಬಂಧನದಲ್ಲಿಡಬೇಕೆಂಬ ಕಾನೂನು, 1992ರ ಮೇ ತಿಂಗಳಲ್ಲಿ ಪಾಲ್ ಕೀಟಿಂಗ್ ಅವರ ಲೇಬರ್ ಸರ್ಕಾರದ ವಲಸೆ ಸಚಿವ ಗೆರಿ ಹ್ಯಾಂಡ್ ಅವರ ಮೂಲಕ ಬಂದಿತು. ಬಂಧನದಲ್ಲಿದ್ದ ಕಾಂಬೋಡಿಯನ್ನರ ಬಿಡುಗಡೆಯ ಅರ್ಜಿ ನ್ಯಾಯಾಲಯದ ಮುಂದೆ ಬರಲು ಎರಡು ದಿನವಿದ್ದಾಗ ಮಸೂದೆ ಅವಸರದಲ್ಲಿ ಅಂಗೀಕಾರವಾಯಿತು, ವಿರೋಧ ಪಕ್ಷ ಅದಕ್ಕೆ ಕೈಜೋಡಿಸಿತು. ಅಲ್ಲಿ ಹೈಕೋರ್ಟ್ ಎಂದರೆ ದೇಶದ ಸರ್ವೋಚ್ಚ ನ್ಯಾಯಾಲಯ. ಅದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಇಂಥ ಬಂಧನ ಶಿಕ್ಷೆಯಲ್ಲ, ಆಡಳಿತಾತ್ಮಕ ಕ್ರಮ ಎಂಬ ನೆಲೆಯಲ್ಲಿ ಕಾನೂನಿನ ಮುಖ್ಯ ಭಾಗವನ್ನು ಎತ್ತಿಹಿಡಿದು, ಬಿಡುಗಡೆಯ ಆದೇಶ ನೀಡದಂತೆ ನ್ಯಾಯಾಲಯಗಳ ಕೈಕಟ್ಟಿದ್ದ ಕಲಮನ್ನು ಮಾತ್ರ ತೆಗೆದುಹಾಕಿತು. ಮೊದಲ ಕಾನೂನಿನಲ್ಲಿದ್ದ 273 ದಿನಗಳ ಮಿತಿಯೂ 1994ರ ಹೊತ್ತಿಗೆ ಇಲ್ಲವಾಯಿತು. ಕಾಂಬೋಡಿಯಾದ ಒಬ್ಬ ಅರ್ಜಿದಾರನ ಬಂಧನ ಸ್ವೇಚ್ಛಾಚಾರದ್ದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1997ರಲ್ಲಿ ತೀರ್ಮಾನಿಸಿದರೂ ಕಾನೂನು ಬದಲಾಗಲಿಲ್ಲ.

ವಿರೋಧವೆಂದರೆ ನೀತಿ ಕ್ರೂರವಾಗಿದೆಯೆಂಬ ವಿರೋಧ ಮಾತ್ರವಲ್ಲ; ಅದು ಸಾಕಷ್ಟು ಕಠಿಣವಾಗಿಲ್ಲವೆಂಬ ವಿರೋಧವೂ ಅಷ್ಟೇ ಬಲವಾಗಿತ್ತು, ಫಲ ಪಡೆಯುವುದರಲ್ಲಿ ಹೆಚ್ಚು ಚುರುಕಾಗಿಯೂ ಇತ್ತು. ಪಾಲಿನ್ ಹ್ಯಾನ್ಸನ್ ಅವರ ಒನ್ ನೇಷನ್ ಪಕ್ಷ 1998ರಲ್ಲಿ ನಿರಾಶ್ರಿತರಿಗೆ ತಾತ್ಕಾಲಿಕ ಆಶ್ರಯ ಮಾತ್ರ ಕೊಡಬೇಕೆಂದಾಗ ಆಗ ಅಧಿಕಾರದಲ್ಲಿದ್ದ ಲಿಬರಲ್-ನ್ಯಾಷನಲ್ ಮೈತ್ರಿಕೂಟದ ವಲಸೆ ಸಚಿವ ಫಿಲಿಪ್ ರಡಕ್ ಅದನ್ನು ಟೀಕಿಸಿದ್ದರು. ಮರುವರ್ಷವೇ ಅವರ ಸರ್ಕಾರ ಮೂರು ವರ್ಷಗಳ ತಾತ್ಕಾಲಿಕ ರಕ್ಷಣಾ ವೀಸಾವನ್ನು ಜಾರಿಗೆ ತಂದಿತು. ಆ ವೀಸಾ ಪಡೆದವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕಿರಲಿಲ್ಲ.

2001ರ ಆಗಸ್ಟ್ 26ರಂದು ನಾರ್ವೆಯ ಸರಕು ಹಡಗು ಟಾಂಪಾ, ಮುಳುಗುತ್ತಿದ್ದ ಇಂಡೋನೇಷ್ಯಾದ ದೋಣಿಯಿಂದ ನಾನೂರಕ್ಕೂ ಹೆಚ್ಚು ಜನರನ್ನು, ಬಹುಪಾಲು ಅಫ್ಘಾನಿಸ್ತಾನದ ಹಜಾರಾಗಳನ್ನು, ಎತ್ತಿಕೊಂಡಿತು. ಅವರನ್ನು ಕ್ರಿಸ್‌ಮಸ್ ದ್ವೀಪದಲ್ಲಿ ಇಳಿಸಲು ಒಪ್ಪದ ಮೈತ್ರಿಕೂಟದ ಜಾನ್ ಹೊವಾರ್ಡ್ ಸರ್ಕಾರ ಹಡಗಿನ ಮೇಲೆ ಸೇನಾ ಕಮಾಂಡೊಗಳನ್ನು ಹತ್ತಿಸಿ, ಹಡಗನ್ನು ಹೊರಗಟ್ಟುವ ಅಧಿಕಾರಕ್ಕಾಗಿ ಅವರು ಹತ್ತಿದ ದಿನದ ರಾತ್ರಿಯೇ ಮಸೂದೆ ತಂದಿತು. ಕಿಮ್ ಬೀಜ್ಲಿ ನಾಯಕತ್ವದ ಲೇಬರ್ ಪಕ್ಷ ಸೆನೆಟ್‌ನಲ್ಲಿ ಅದನ್ನು ಸೋಲಿಸಿದ್ದು ಅಪರೂಪದ ಘಟನೆ. ಆದರೆ ಕೆಲವೇ ವಾರಗಳಲ್ಲಿ, ಅಮೆರಿಕದ ಮೇಲೆ ಸೆಪ್ಟೆಂಬರ್ 11ರ ದಾಳಿ ನಡೆದ ಬಳಿಕ, ಚುನಾವಣೆ ಬಾಗಿಲಲ್ಲಿ ನಿಂತಿರಲು, ಅದೇ ಪಕ್ಷ ಹೊರ ದ್ವೀಪಗಳನ್ನು ದೇಶದ ವಲಸೆ ವಲಯದಿಂದ ಕಾನೂನಿನ ಮಟ್ಟಿಗೆ ಹೊರತುಪಡಿಸುವ, ಬಂದವರನ್ನು ನೌರು ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಗಳಿಗೆ ಕಳುಹಿಸುವ ಮಸೂದೆಗಳಿಗೆ ಸಮ್ಮತಿಸಿತು. 'ಪೆಸಿಫಿಕ್ ಪರಿಹಾರ'ವೆಂದು ಹೆಸರಾದ ವ್ಯವಸ್ಥೆ ಇದೇ. ಆಶ್ರಯಾರ್ಥಿಗಳು ಮಕ್ಕಳನ್ನು ಸಮುದ್ರಕ್ಕೆ ಎಸೆದರೆಂದು ಸಚಿವರು ಹೇಳಿದ್ದು ಸುಳ್ಳೆಂದು ಸೆನೆಟ್‌ನ ತನಿಖೆ 2002ರಲ್ಲಿ ದಾಖಲಿಸುವ ಹೊತ್ತಿಗೆ 2001ರ ನವೆಂಬರ್‌ನ ಚುನಾವಣೆ ಮುಗಿದು ಹೊವಾರ್ಡ್ ಗೆದ್ದಾಗಿತ್ತು.

ಲೇಬರ್ ಬಿಟ್ಟುಕೊಟ್ಟ ಜಾಗ ಹಾಗೆಯೇ ಖಾಲಿ ಉಳಿಯಲಿಲ್ಲ. ಬಾಬ್ ಬ್ರೌನ್ ಅವರ ಗ್ರೀನ್ಸ್ ಪಕ್ಷ ಆ ಮತದಾರರನ್ನು ಸೆಳೆಯಿತು. ಲೇಬರ್ ಪಕ್ಷದೊಳಗೆ ನಿರಾಶ್ರಿತರ ಪರವಾದ ಗುಂಪೊಂದು ಹುಟ್ಟಿತು. ಹಿಂದೆ ಪಶ್ಚಿಮ ಆಸ್ಟ್ರೇಲಿಯಾದ ಮುಖ್ಯಮಂತ್ರಿಯಾಗಿದ್ದ ಕಾರ್ಮೆನ್ ಲಾರೆನ್ಸ್ 2002ರ ಕೊನೆಗೆ ಪಕ್ಷದ ಛಾಯಾ ಸಚಿವ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಇದಕ್ಕಿಂತ ಕುತೂಹಲಕರವಾದದ್ದು ಸಣ್ಣ ಊರುಗಳ ಸಂಘಟನೆ. ಕ್ರಿಕೆಟ್ ಪ್ರೇಮಿಗಳಿಗೆ ಡಾನ್ ಬ್ರಾಡ್‌ಮನ್ ಬೆಳೆದ ಊರಾಗಿ ಪರಿಚಿತವಾದ ಬೌರಲ್‌ನಲ್ಲಿ 2001ರಲ್ಲಿ ಆರಂಭವಾದ 'ನಿರಾಶ್ರಿತರಿಗಾಗಿ ಗ್ರಾಮೀಣ ಆಸ್ಟ್ರೇಲಿಯನ್ನರು' ಎಂಬ ಚಳವಳಿ ಹತ್ತಾರು ಊರುಗಳಿಗೆ ಹಬ್ಬಿತು. ಆಲ್ಬನಿಯಂಥ ಪಟ್ಟಣಗಳ ಮಾಂಸ ಸಂಸ್ಕರಣಾ ಘಟಕಗಳಲ್ಲಿ ತಾತ್ಕಾಲಿಕ ವೀಸಾದ ಅಫ್ಘನ್ನರು ದುಡಿಯುತ್ತಿದ್ದರು. ಜೊತೆಯಲ್ಲಿ ಕೆಲಸ ಮಾಡಿದವರನ್ನು ಗಡೀಪಾರು ಮಾಡುವ ಮಾತು ಬಂದಾಗ ಮೈತ್ರಿಕೂಟಕ್ಕೇ ಮತ ಹಾಕುತ್ತಿದ್ದ ಜನ ಸರ್ಕಾರಕ್ಕೆ ಪತ್ರ ಬರೆದರು.

ಇಂಥ ಒತ್ತಡ ಸಂಸತ್ತಿನೊಳಗೆ ಫಲಿಸಿದ್ದು ಆಳುವ ಲಿಬರಲ್ ಪಕ್ಷದ ಪೆಟ್ರೊ ಜಾರ್ಜಿಯು, ಜೂಡಿ ಮೊಯ್ಲನ್, ರಸೆಲ್ ಬ್ರಾಡ್‌ಬೆಂಟ್, ಬ್ರೂಸ್ ಬೇರ್ಡ್ ಎಂಬ ಸದಸ್ಯರ ಮೂಲಕ. ನಿರಾಶ್ರಿತನ ಸ್ಥಾನ ಸಿಗದ, ಸ್ವೀಕರಿಸುವ ದೇಶವೂ ಇಲ್ಲದ ವ್ಯಕ್ತಿಯನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡಬಹುದೆಂದು ಹೈಕೋರ್ಟ್ 2004ರಲ್ಲಿ 4-3ರ ಬಹುಮತದಿಂದ ಹೇಳಿತ್ತು. ಅದೇ ವರ್ಷ ಮಾನವ ಹಕ್ಕುಗಳ ಆಯೋಗ ಬಂಧನದಲ್ಲಿದ್ದ ಮಕ್ಕಳ ದುಃಸ್ಥಿತಿಯನ್ನು ವರದಿ ಮಾಡಿತ್ತು. ಮಾನಸಿಕ ಅಸ್ವಸ್ಥೆಯಾಗಿದ್ದ ಆಸ್ಟ್ರೇಲಿಯಾದ ನಿವಾಸಿಯೊಬ್ಬರನ್ನೇ ಅಧಿಕಾರಿಗಳು ಅಕ್ರಮ ವಲಸಿಗರೆಂದು ತಿಳಿದು ತಿಂಗಳುಗಟ್ಟಲೆ ಬಂಧಿಸಿದ್ದು 2005ರ ಆರಂಭದಲ್ಲಿ ಬೆಳಕಿಗೆ ಬಂದಿತು. ಈ ಹಿನ್ನೆಲೆಯಲ್ಲಿ ಜಾರ್ಜಿಯು ಖಾಸಗಿ ಮಸೂದೆ ಮಂಡಿಸುವುದಾಗಿ ಪಟ್ಟು ಹಿಡಿದಾಗ, 2005ರ ಜೂನ್‌ನಲ್ಲಿ ಹೊವಾರ್ಡ್ ಮಕ್ಕಳಿರುವ ಕುಟುಂಬಗಳನ್ನು ಕೇಂದ್ರಗಳಿಂದ ಹೊರಗಿಡಲು, ಎರಡು ವರ್ಷ ಮೀರಿದ ಬಂಧನಗಳನ್ನು ಒಂಬುಡ್ಸ್‌ಮನ್ ಪರಿಶೀಲನೆಗೆ ಒಪ್ಪಿಸಲು ಒಪ್ಪಿದರು. ದೋಣಿಯಲ್ಲಿ ಬಂದ ಎಲ್ಲರನ್ನೂ, ಮುಖ್ಯ ಭೂಭಾಗ ಮುಟ್ಟಿದ್ದರೂ, ನೌರುವಿಗೆ ಕಳುಹಿಸುವ 2006ರ ಮಸೂದೆಯ ವಿರುದ್ಧ ಮೂವರು ಲಿಬರಲ್ ಸದಸ್ಯರು ಮತ ಹಾಕಿದರು. ಸೆನೆಟ್‌ನಲ್ಲಿ ಸೋಲು ಖಚಿತವೆನಿಸಿದಾಗ ಹೊವಾರ್ಡ್ ಅದನ್ನು ಹಿಂತೆಗೆದುಕೊಂಡರು. ಬೆರಳೆಣಿಕೆಯ ಈ ಸದಸ್ಯರು ಮಾಡಿದ್ದು ಇಡೀ ವಿರೋಧ ಪಕ್ಷ ಒಂದು ದಶಕದಲ್ಲಿ ಮಾಡಿದ್ದಕ್ಕಿಂತ ಹೆಚ್ಚು.

2007ರಲ್ಲಿ ಗೆದ್ದ ಲೇಬರ್ ಪಕ್ಷದ ಕೆವಿನ್ ರಡ್ ನೌರು ಕೇಂದ್ರವನ್ನು ಮುಚ್ಚಿ, 2008ರಲ್ಲಿ ತಾತ್ಕಾಲಿಕ ವೀಸಾವನ್ನೂ ರದ್ದುಪಡಿಸಿದರು. ಮುಂದೆ ದೋಣಿಗಳ ಸಂಖ್ಯೆ ಏರುತ್ತಾ ಹೋಗಿ 2012-13ರ ಒಂದೇ ವರ್ಷದಲ್ಲಿ ಸುಮಾರು 25,000 ಜನ ಬಂದರು. ಆ ಅವಧಿಯಲ್ಲಿ ಕಡಲಿನಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚೆಂದು ಅಂದಾಜು. ವಿರೋಧ ಪಕ್ಷದ ನಾಯಕ ಟೋನಿ ಅಬಟ್ ದೋಣಿಗಳನ್ನು ನಿಲ್ಲಿಸುವುದಾಗಿ ಹೇಳಿದ್ದು ಮೂರು ಪದಗಳ ಘೋಷಣೆಯಾಗಿ ಊರೂರು ಸುತ್ತಿತು. ನಿರಾಶ್ರಿತರ ಪರವಾಗಿದ್ದವರು ಇಲ್ಲಿ ನಿಜವಾದ ಇಕ್ಕಟ್ಟಿಗೆ ಸಿಲುಕಿದರು, ಏಕೆಂದರೆ ಕಾಠಿಣ್ಯವೇ ಜೀವ ಉಳಿಸುವ ದಾರಿಯೆಂಬ ವಾದಕ್ಕೆ ಮತದಾರರು ನಂಬುವಂಥ ಉತ್ತರ ಅವರಲ್ಲಿರಲಿಲ್ಲ. ಕಾನೂನುಬದ್ಧ ದಾರಿಗಳನ್ನು ಹೆಚ್ಚಿಸಬೇಕೆಂಬ ಅವರ ಮಾತು ಸರಿಯಾಗಿದ್ದರೂ ನಾಳೆ ಹೊರಡುವ ದೋಣಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ರಡ್ ಬಳಿಕ ಪ್ರಧಾನಿಯಾದ ಅದೇ ಪಕ್ಷದ ಜೂಲಿಯಾ ಗಿಲಾರ್ಡ್ ಅವರ ಸರ್ಕಾರ 2011ರಲ್ಲಿ, 800 ಆಶ್ರಯಾರ್ಥಿಗಳನ್ನು ಮಲೇಷ್ಯಾಕ್ಕೆ ಕಳುಹಿಸಿ ಅಲ್ಲಿಂದ 4,000 ನಿರಾಶ್ರಿತರನ್ನು ಕರೆತರುವ ಒಪ್ಪಂದ ಮಾಡಿಕೊಂಡಿತು. ಹೈಕೋರ್ಟ್ ಅದನ್ನು 6-1ರಿಂದ ತಡೆಯಿತು. ಕಾನೂನು ತಿದ್ದುವ ಮಸೂದೆ 2012ರ ಜೂನ್‌ನಲ್ಲಿ ಕೆಳಮನೆಯಲ್ಲಿ ಗೆದ್ದರೂ ಸೆನೆಟ್‌ನಲ್ಲಿ ಬಿದ್ದುಹೋಯಿತು: ಮಲೇಷ್ಯಾ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವೆಂದು ಅಬಟ್ ಅವರ ಮೈತ್ರಿಕೂಟವೂ, ಹೊರನಾಡಿನ ವಿಚಾರಣೆಯೇ ತಪ್ಪೆಂದು ಗ್ರೀನ್ಸ್ ಪಕ್ಷವೂ ಒಂದೇ ಬದಿಗೆ ಮತ ಹಾಕಿದವು. ಗ್ರೀನ್ಸ್ ನಿಲುವು ತತ್ತ್ವದ ದೃಷ್ಟಿಯಿಂದ ದೋಷರಹಿತವಾಗಿತ್ತು. ಪರಿಣಾಮ ಮಾತ್ರ ನೌರು ಮತ್ತು ಮಾನುಸ್ ಕೇಂದ್ರಗಳು ಅದೇ ವರ್ಷ ಮತ್ತೆ ತೆರೆದದ್ದು. 2013ರ ಜುಲೈ 19ರಂದು, ಮತ್ತೆ ಪ್ರಧಾನಿಯಾಗಿದ್ದ ರಡ್ ಅವರೇ, ದೋಣಿಯಲ್ಲಿ ಬಂದ ಯಾರಿಗೂ ಆಸ್ಟ್ರೇಲಿಯಾದಲ್ಲಿ ನೆಲೆ ಸಿಗದೆಂದು ಸಾರಿದರು. ಸೆಪ್ಟೆಂಬರ್‌ನಲ್ಲಿ ಗೆದ್ದ ಅಬಟ್ ಸೇನಾಧಿಕಾರಿಯ ನೇತೃತ್ವದಲ್ಲಿ ದೋಣಿಗಳನ್ನು ಹಿಂದಟ್ಟುವ ಕಾರ್ಯಾಚರಣೆ ಆರಂಭಿಸಿದರು; 2015ರ ಸಮ್ಮೇಳನದಲ್ಲಿ ಲೇಬರ್ ಪಕ್ಷವೂ ಅದನ್ನು ಆಯ್ಕೆಯಾಗಿ ಒಪ್ಪಿಕೊಂಡಿತು.

ಅಲ್ಲಿಂದ ಮುಂದೆ ವಿರೋಧದ ಮುಂಚೂಣಿಗೆ ಬಂದವರು ವೈದ್ಯರು. ಕೇಂದ್ರಗಳ ಒಳಗಿನ ಮಾಹಿತಿ ಹೊರಗೆಡಹಿದ ಸಿಬ್ಬಂದಿಗೆ ಎರಡು ವರ್ಷ ಜೈಲು ವಿಧಿಸಬಹುದಾಗಿದ್ದ 2015ರ ಗಡಿ ಪಡೆ ಕಾಯ್ದೆಯನ್ನು ಅವರು ಬಹಿರಂಗವಾಗಿ ಧಿಕ್ಕರಿಸಿದರು. ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ 2016ರಲ್ಲಿ ಸರ್ಕಾರ ಆರೋಗ್ಯ ಸಿಬ್ಬಂದಿಗೆ ವಿನಾಯಿತಿ ಕೊಟ್ಟಿತು. ಅದೇ ವರ್ಷ ಬ್ರಿಸ್ಬೇನ್‌ನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು, ನೌರುವಿಗೆ ಮರಳಿಸುವ ಅಪಾಯವಿದ್ದ ಮಗುವನ್ನು ಸುರಕ್ಷಿತ ಮನೆ ಸಿಗುವವರೆಗೆ ಬಿಡುಗಡೆ ಮಾಡಲು ಒಪ್ಪಲಿಲ್ಲ. ಮಾನುಸ್‌ನಲ್ಲಿದ್ದ ಕುರ್ದಿಷ್ ಲೇಖಕ ಬೆಹ್ರೂಜ್ ಬೂಚಾನಿ ಫಾರ್ಸಿಯಲ್ಲಿ ಮೊಬೈಲ್ ಸಂದೇಶಗಳಾಗಿ ಕಳುಹಿಸುತ್ತಾ ಬರೆದ ಕೃತಿ 2019ರಲ್ಲಿ ವಿಕ್ಟೋರಿಯಾ ರಾಜ್ಯದ ಅತ್ಯುನ್ನತ ಸಾಹಿತ್ಯ ಪ್ರಶಸ್ತಿ ಪಡೆದಾಗ ಅವರು ಇನ್ನೂ ಅದೇ ದ್ವೀಪದಲ್ಲಿದ್ದರು.

ವೈದ್ಯೆಯೂ ಆಗಿದ್ದ ಕೆರಿನ್ ಫೆಲ್ಪ್ಸ್ 2018ರ ವೆಂಟ್‌ವರ್ತ್ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದು ಸರ್ಕಾರದ ಬಹುಮತವನ್ನು ಕಸಿದರು. ರೋಗಿಗಳನ್ನು ದ್ವೀಪಗಳಿಂದ ಚಿಕಿತ್ಸೆಗೆ ಕರೆತರುವ ತೀರ್ಮಾನದಲ್ಲಿ ವೈದ್ಯರ ಮಾತಿಗೆ ಪ್ರಾಧಾನ್ಯ ನೀಡುವ 'ಮೆಡೆವ್ಯಾಕ್' ಕಾನೂನು 2019ರ ಫೆಬ್ರವರಿಯಲ್ಲಿ ಸರ್ಕಾರದ ಇಚ್ಛೆಗೆ ವಿರುದ್ಧವಾಗಿ 75-74ರಿಂದ ಅಂಗೀಕಾರವಾಯಿತು. ಅದು ಆ ವರ್ಷ ಮುಗಿಯುವುದರೊಳಗೆ, ಚುನಾವಣೆಯಲ್ಲಿ ಮತ್ತೆ ಗೆದ್ದ ಮೈತ್ರಿಕೂಟದ ಕೈಯಲ್ಲಿ, ಸೆನೆಟರ್ ಜಾಕಿ ಲ್ಯಾಂಬಿ ಅವರ ನಿರ್ಣಾಯಕ ಮತದಿಂದ ರದ್ದಾಯಿತು. ಬಿಲೊಯೆಲಾ ಎಂಬ ಪಟ್ಟಣದ ಜನ ಮಾತ್ರ, ತಮ್ಮ ನಡುವೆ ನೆಲೆಸಿದ್ದ ಶ್ರೀಲಂಕಾ ತಮಿಳು ಕುಟುಂಬವೊಂದಕ್ಕಾಗಿ ನಾಲ್ಕು ವರ್ಷ ಹೋರಾಡಿ 2022ರಲ್ಲಿ ಅದನ್ನು ಊರಿಗೆ ಕರೆತಂದರು. ಮಗು, ರೋಗಿ, ಪರಿಚಿತ ನೆರೆಯವರು: ವಿರೋಧ ಗೆದ್ದದ್ದು ಹೀಗೆ ಮುಖ ತೋರಿಸಬಲ್ಲವರ ವಿಷಯದಲ್ಲೇ ಹೊರತು ಒಂಟಿ ತರುಣನ ವಿಷಯದಲ್ಲಿ ಅಲ್ಲ, ಬಂಧನದ ತತ್ತ್ವದ ವಿಷಯದಲ್ಲಂತೂ ಅಲ್ಲವೇ ಅಲ್ಲ. ಆ ಚಳವಳಿಗಳ ಜಾಣ್ಮೆಯೂ ಮಿತಿಯೂ ಇದೇ ಆಗಿದ್ದವು.

ತತ್ತ್ವವನ್ನು ಮುಟ್ಟಿದ್ದು ನ್ಯಾಯಾಲಯ. 2023ರ ನವೆಂಬರ್‌ನಲ್ಲಿ ಹೈಕೋರ್ಟ್ 2004ರ ತೀರ್ಪನ್ನು ತಿರುಗಿಸಿ, ಗಡೀಪಾರು ಸಾಧ್ಯತೆಯೇ ಇಲ್ಲದವರ ಅನಿರ್ದಿಷ್ಟ ಬಂಧನ ಸಂವಿಧಾನಕ್ಕೆ ವಿರುದ್ಧವೆಂದಿತು. ಬಿಡುಗಡೆಯಾದವರಲ್ಲಿ ಅಪರಾಧ ಹಿನ್ನೆಲೆಯವರು ಇದ್ದದ್ದನ್ನು ಹಿಡಿದು ಪೀಟರ್ ಡಟನ್ ನೇತೃತ್ವದ ವಿರೋಧ ಪಕ್ಷ ಲೇಬರ್ ಪಕ್ಷದ ಆಂಥೋನಿ ಆಲ್ಬನೀಸ್ ಸರ್ಕಾರದ ಮೇಲೆ ಮುಗಿಬಿದ್ದಿತು. ಸರ್ಕಾರ ದಿನಗಳ ಅಂತರದಲ್ಲಿ ಕಾಲಿಗೆ ನಿಗಾ ಸಾಧನ ಕಟ್ಟುವ ಕಾನೂನು ತಂದಿತು. ಅದರ ಆಧಾರದಲ್ಲಿ ವಿಧಿಸಿದ ಷರತ್ತುಗಳನ್ನು ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಅದೇ ತಿಂಗಳ ಕೊನೆಗೆ, ಇಂಥವರನ್ನು ಸ್ವೀಕರಿಸಲು ಮೂರನೆಯ ದೇಶಗಳಿಗೆ ಹಣ ಕೊಡಲು ಅವಕಾಶ ಕಲ್ಪಿಸುವ ಕಾನೂನು ಲೇಬರ್ ಮತ್ತು ಮೈತ್ರಿಕೂಟಗಳ ಒಟ್ಟು ಮತದಿಂದ, ಗ್ರೀನ್ಸ್ ಪಕ್ಷದ ವಿರೋಧದ ನಡುವೆ ಅಂಗೀಕಾರವಾಯಿತು. 2025ರಲ್ಲಿ ಅದರಂತೆ 40 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿದ ದೇಶ ನೌರು.