ಮೂಗು ಒಪ್ಪಿದ ಕನ್ನಡಕ

ಜಯನಗರದ ನಾಲ್ಕನೆಯ ಬ್ಲಾಕಿನ ಕಾಂಪ್ಲೆಕ್ಸಿನ ಬಳಿ ನನ್ನ ಬಾಲ್ಯದಲ್ಲಿದ್ದ ಕನ್ನಡಕದಂಗಡಿಯ ವೃದ್ಧರು, ಗಿರಾಕಿಯು ಫ್ರೇಮನ್ನು ಧರಿಸಿ ತನ್ನ ರೂಪಕ್ಕೆ ಅದು ಒಪ್ಪುವುದೋ ಇಲ್ಲವೋ ಎಂದು ಕನ್ನಡಿಯಲ್ಲಿ ಪರೀಕ್ಷಿಸುತ್ತಿರುವಾಗ, ತಾವು ಮಾತ್ರ ಅವನ ಬೆನ್ನ ಹಿಂದೆ ಹೋಗಿ ಕಿವಿಯನ್ನು ನೋಡುತ್ತ ನಿಲ್ಲುತ್ತಿದ್ದರು. ಕಡ್ಡಿಯು ಬಾಗಬೇಕಾದಲ್ಲಿ ಬಾಗಿರದಿದ್ದರೆ ಅದನ್ನು ಬಿಸಿ ಉಪ್ಪಿನ ಪುಟ್ಟ ಬಾಣಲೆಯಲ್ಲಿ ಕ್ಷಣಕಾಲ ಹುದುಗಿಸಿ, ಮೆತ್ತಗಾದೊಡನೆ ಹೆಬ್ಬೆರಳಿನಿಂದ ಒತ್ತಿ, ತಣ್ಣೀರಿನಲ್ಲಿ ಅದ್ದಿ ಕೊಡುತ್ತಿದ್ದರು. "ಮುಖ ದುಂಡಗಿದೆಯೋ ಉದ್ದವಿದೆಯೋ ಆಮೇಲೆ ನೋಡೋಣ ಸ್ವಾಮಿ, ಮೊದಲು ಮೂಗು ಒಪ್ಪಲಿ" ಎಂಬ ಅವರ ಮಾತು, ಇಂದು ತುರಹಳ್ಳಿಯ ಕಾಡುದಾರಿಗೂ ಕನಕಪುರದ ರಸ್ತೆಗೂ ಮುಂಜಾನೆ ಸೈಕಲ್ ಹೊಡೆಯುವ ತರುಣರು ತಮ್ಮ ಮುಖಕ್ಕೆ ಯಾವ ಕೂಲಿಂಗ್ ಗ್ಲಾಸ್ ಸೊಗಸೆಂದು ಚರ್ಚಿಸುವುದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುತ್ತದೆ.

ಮೂಗಿನ ಈ ಹಿರಿತನವು ಪುರಾತನವಾದುದು. ನಮ್ಮ ನಾಡಿನಲ್ಲಿ ಕನ್ನಡಕದ ಅತ್ಯಂತ ಹಳೆಯ ಸುಳಿವುಗಳಲ್ಲೊಂದು ದೊರೆಯುವುದು ವಿಜಯನಗರದ ಯತಿಶ್ರೇಷ್ಠರಾದ ವ್ಯಾಸರಾಯರ ಚರಿತ್ರೆಯಲ್ಲಿ. ಅವರ ಸಮಕಾಲೀನನಾದ ಸೋಮನಾಥ ಕವಿಯು ತನ್ನ ಚಂಪೂಕಾವ್ಯದಲ್ಲಿ, ಗ್ರಂಥಾವಲೋಕನ ಮಾಡುತ್ತಿದ್ದ ಯತಿಗಳ ಉಪಲೋಚನಗೋಲಕವನ್ನು, ಅಂದರೆ ಕನ್ನಡಕವನ್ನು, ಹೆಸರಿಸಿದ್ದಾನೆ. ಕಾಲ ಸುಮಾರು 1520. ಈ ‘ವ್ಯಾಸಯೋಗಿಚರಿತ’ವನ್ನು ಬಿ. ವೆಂಕೋಬರಾಯರು ಸಂಪಾದಿಸಿ 1926ರಲ್ಲಿ ಬೆಂಗಳೂರಿನಿಂದಲೇ ಪ್ರಕಟಿಸಿದರು. ಅದರೊಳಗಿನ ಈ ಒಂದು ಪದದ ಮಹತ್ವವನ್ನು ವಿದ್ವಾಂಸರಾದ ಪಿ. ಕೆ. ಗೋಡೆಯವರು ಕನ್ನಡಕದ ಚರಿತ್ರೆಯನ್ನು ಕುರಿತ ತಮ್ಮ ಲೇಖನದಲ್ಲಿ ಲೋಕಕ್ಕೆ ತೋರಿಸಿದರು. ಕಿವಿಯ ಮೇಲೆ ಕೂರುವ ಕಡ್ಡಿಗಳು ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಎಂಬಾತನ ಅಂಗಡಿಯಲ್ಲಿ ಕಾಣಿಸಿಕೊಂಡದ್ದು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿಯಾದುದರಿಂದ, ಯತಿಗಳ ಆ ಗೋಲಕವು ಕೈಯಲ್ಲಿ ಹಿಡಿದದ್ದಾಗಿರಬೇಕು, ಇಲ್ಲವೇ ಕೇವಲ ನಾಸಿಕದ ಆಶ್ರಯದಲ್ಲಿ ನಿಂತದ್ದಾಗಿರಬೇಕು. ಕಣ್ಣಿನ ಉಪಕಾರಕ್ಕಾಗಿ ಹುಟ್ಟಿದ ವಸ್ತುವಿನ ಭಾರವನ್ನು ಮೊದಲಿನಿಂದಲೂ ಹೆಚ್ಚಾಗಿ ಹೊತ್ತದ್ದು ಮೂಗು.

ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾಗಿ, 1913ರಲ್ಲಿ ಚಾಮರಾಜಪೇಟೆಯ ಈಗಿನ ಭವ್ಯ ಕಟ್ಟಡವನ್ನು ಸೇರಿದ ಮಿಂಟೋ ಕಣ್ಣಾಸ್ಪತ್ರೆಯಿಂದಾಗಿ ಕನ್ನಡಕವು ಸಾಮಾನ್ಯರ ಮನೆಯನ್ನೂ ಹೊಕ್ಕಿತು. ಕಪ್ಪು ಕನ್ನಡಕವೆಂದರೆ ಆಗ ಶೋಕಿಯ ವಸ್ತುವಲ್ಲ; ಪೊರೆ ತೆಗೆಸಿಕೊಂಡು ಬಂದ ಅಜ್ಜನೋ ಅಜ್ಜಿಯೋ ಜಗಲಿಯ ಮೇಲೆ ಕುಳಿತು ಬೆಳಕಿಗೆ ಅಂಜಿ ಧರಿಸುತ್ತಿದ್ದುದು ಅದು. 1948ರಲ್ಲಿ ರಾಜಾಜಿಯವರಿಂದ ಶಂಕುಸ್ಥಾಪನೆಯಾದ ಜಯನಗರದಲ್ಲಿ ಮನೆ ಕಟ್ಟಿಕೊಂಡ ಗುಮಾಸ್ತರೂ ಉಪಾಧ್ಯಾಯರೂ, ಷರಾಯಿಯ ಅಂಚಿಗೆ ಕ್ಲಿಪ್ಪು ಸಿಕ್ಕಿಸಿ, ಲಾಲ್‌ಬಾಗಿನ ಪಕ್ಕದಿಂದ ಪೇಟೆಯ ಕಡೆಗೆ ಸೈಕಲ್ ತುಳಿಯುವಾಗ ಧರಿಸುತ್ತಿದ್ದುದು ಓದುವ ಕನ್ನಡಕವನ್ನೇ; ಜಾರುವುದಾದರೆ ಕಡ್ಡಿಯ ಎರಡು ತುದಿಗಳಿಗೆ ದಾರ ಕಟ್ಟಿ ಕುತ್ತಿಗೆಯ ಹಿಂದೆ ಬಿಡುತ್ತಿದ್ದರು. ನನ್ನ ತಂದೆಯವರ ದಾರವು ಬೆವರಿನಿಂದ ಕಂದುಬಣ್ಣಕ್ಕೆ ತಿರುಗಿತ್ತು.

ಸೈಕಲ್ಲಿಗೆಂದೇ ಒಂದು ಬಗೆಯ ಕನ್ನಡಕ ಹುಟ್ಟಿದ್ದು ಬಹಳ ಈಚೆಗೆ. ಅಮೆರಿಕದ ಓಕ್ಲಿ ಕಂಪನಿಯು 1984ರಲ್ಲಿ ಮುಖದ ಅರ್ಧವನ್ನೇ ಮುಚ್ಚುವ ಏಕಫಲಕದ ಕನ್ನಡಕವನ್ನು ಹೊರತಂದಿತು. 1986ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯವನ್ನು ಗೆದ್ದ ಮೊದಲ ಅಮೆರಿಕನ್ನನಾದ ಗ್ರೆಗ್ ಲೆಮಾಂಡನ ಮುಖದ ಮೇಲೆ ಅದನ್ನು ಕಂಡ ಲೋಕವು ಬೆರಗಾಯಿತು. ಆ ವಿಚಿತ್ರ ಗಾತ್ರಕ್ಕೆ ಯುಕ್ತ ಕಾರಣವಿದೆ. ಹ್ಯಾಂಡಲಿನ ಮೇಲೆ ಬಾಗಿದ ಸವಾರನು ತಲೆ ತಗ್ಗಿಸಿ ಕಣ್ಣೆತ್ತಿ ದಾರಿಯನ್ನು ನೋಡುತ್ತಾನೆ; ಸಾಧಾರಣ ಕನ್ನಡಕದ ಮೇಲಂಚು ಆಗ ನಡು ನೋಟಕ್ಕೇ ಅಡ್ಡ ಬರುತ್ತದೆ. ಇನ್ನು ಕನಕಪುರದ ಕಡೆಯಿಂದ ಬೆಳಗ್ಗೆ ಮರಳುವವನಿಗೆ ಬಿಸಿಲು ಬಲಗಡೆಯಿಂದ ಬೀಳುವುದರಿಂದ, ಕಣ್ಣಿನ ಪಕ್ಕವನ್ನೂ ಸುತ್ತುವರಿಯುವ ಗಾಜು ಬೇಕೇ ಬೇಕು. ಗಾಳಿ, ಧೂಳು, ಹುಳುಗಳ ಮಾತು ಹೇಳಬೇಕಾಗಿಲ್ಲ.

ಆದರೆ ಈ ಸುತ್ತುಗಾಜಿನೊಡನೆ ಹಳೆಯ ಕೈಕಸುಬೊಂದು ಹಿಂದೆ ಸರಿಯಿತು, ಅದೇ ನನ್ನ ಸಂಕಟ. ಬಿಸಿ ಉಪ್ಪಿಗೆ ಮಣಿಯುತ್ತಿದ್ದ ಹಳೆಯ ಫ್ರೇಮುಗಳಂತೆ ಇಂದಿನ ನೈಲಾನ್ ಫ್ರೇಮು ಸುಲಭವಾಗಿ ಮಣಿಯದು. ಅಚ್ಚಿನಲ್ಲಿ ಹೇಗೆ ಎರಕವಾಯಿತೋ ಹಾಗೆಯೇ ಅದು ನಮ್ಮ ಮುಖವನ್ನೇರುತ್ತದೆ. ಆ ಅಚ್ಚು ಬಹುಮಟ್ಟಿಗೆ ಐರೋಪ್ಯರ ಎತ್ತರದ ಮೂಗನ್ನು ನೋಡಿ ಮಾಡಿದುದು. ನಮ್ಮಲ್ಲಿ ಅನೇಕರಿಗೆ ಅದು ಜಾರಿ ಕೆನ್ನೆಗೆ ತಗಲುತ್ತದೆ, ಏರು ಹತ್ತುವಾಗ ಒಳಗೆ ಮಂಜು ಕಟ್ಟುತ್ತದೆ, ನಕ್ಕರೆ ಮೇಲಕ್ಕೆ ಹಾರುತ್ತದೆ. ದುಂಡುಮುಖಕ್ಕೆ ಕೋನವುಳ್ಳದ್ದು, ಚೌಕಮುಖಕ್ಕೆ ಬಾಗಿದ್ದು ಎಂಬ ನಿಯಮಗಳು ಮದುವೆಯ ಫೋಟೋಗೆ ಸಾಲುವುವು; ಗುಂಡಿಬಿದ್ದ ಬನಶಂಕರಿಯ ಅಡ್ಡರಸ್ತೆಯಲ್ಲಿ ಅವು ಕೆಲಸಕ್ಕೆ ಬಾರವು.

ಮೂಗಿಗೆ ಒಪ್ಪುವ ಕನ್ನಡಕವನ್ನು ಆರಿಸಲು ಬೇಕಾದ ಲೆಕ್ಕವನ್ನು ಕನ್ನಡಕವೇ ತನ್ನ ಮೈಮೇಲೆ ಬರೆದುಕೊಂಡಿದೆ. ಕಡ್ಡಿಯ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ 52, ಒಂದು ಪುಟ್ಟ ಚೌಕ, 18, ಆಮೇಲೆ 140 ಎಂಬಂತಹ ಅಂಕಿಗಳು ಅನೇಕ ಫ್ರೇಮುಗಳಲ್ಲಿ ಮಸುಕಾಗಿ ತೋರುವುವು: ಮಿಲಿಮೀಟರುಗಳಲ್ಲಿ ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ. ನನ್ನ ಬಾಲ್ಯದ ಆ ಅಂಗಡಿಯ ವೃದ್ಧರು ಈ ನಡುವಣ ಅಂಕಿಯನ್ನೇ ಮೊದಲು ಓದುತ್ತಿದ್ದರು. ಹೊಸ ಕನ್ನಡಕಗಳಲ್ಲಿ ಬಾಗಿಸಬಹುದಾದ ರಬ್ಬರಿನ ಮೂಗುದಿಂಬು ಇದ್ದರೆ ಅದನ್ನೇ ಕೊಳ್ಳಬೇಕು. ಹೆಲ್ಮೆಟ್ಟನ್ನು ತಲೆಗೇರಿಸಿ, ಅದರ ಹಿಂಪಟ್ಟಿಯು ಕಡ್ಡಿಯನ್ನು ತಳ್ಳುವುದೋ ಎಂದು ಅಂಗಡಿಯಲ್ಲಿಯೇ ನೋಡಬೇಕು. ಬಾಗಿ ನಿಂತು ತಲೆಯನ್ನು ಎಡಬಲಕ್ಕೆ ಅಲುಗಿಸಬೇಕು.

ಕಳೆದ ಭಾನುವಾರ ತುರಹಳ್ಳಿಯ ಬಂಡೆಯ ಬಳಿ ಹುಡುಗನೊಬ್ಬನು ನಾಲ್ಕು ಹೆಜ್ಜೆಗೊಮ್ಮೆ ಕನ್ನಡಕವನ್ನು ಮೇಲೆ ತಳ್ಳುತ್ತ ಸೈಕಲ್ ನೂಕಿಕೊಂಡು ಬರುತ್ತಿದ್ದನು. ಕೇಳಿ ಅದನ್ನು ಪಡೆದು, ರಬ್ಬರಿನ ಎರಡು ದಿಂಬುಗಳನ್ನೂ ಹೆಬ್ಬೆರಳಿನಿಂದ ತುಸು ಒಳಕ್ಕೆ ಒತ್ತಿ ಕೊಟ್ಟೆನು. ಅವನು ಹಾಕಿಕೊಂಡು, ತಲೆ ಅಲ್ಲಾಡಿಸಿ ನೋಡಿ, "ನಿಂತುಕೊಳ್ತು ಅಂಕಲ್" ಎಂದು ಇಳಿಜಾರಿನಲ್ಲಿ ಮರೆಯಾದನು.