ವಾಲಿದರೆ ಮಾತ್ರ ತಿರುವು: ಆರ್‌ಸಿ ಬೈಕು ನಡೆದು ಬಂದ ದಾರಿ

ರೇಡಿಯೊ ನಿಯಂತ್ರಿತ ಕಾರು ಓಡಿಸಿ ಪಳಗಿದವರೂ ಆರ್‌ಸಿ ಬೈಕಿನ ಮುಂದೆ ಹೊಸಬರೇ. ಕಾರಿನ ಚಕ್ರ ಬಲಕ್ಕೆ ತಿರುಗಿದರೆ ಕಾರು ಬಲಕ್ಕೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಬೈಕು ಬಲಕ್ಕೆ ಹೋಗಬೇಕಾದರೆ ಮೊದಲು ಬಲಕ್ಕೆ ವಾಲಬೇಕು. ಬಲಕ್ಕೆ ವಾಲಬೇಕಾದರೆ ಅದರ ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ತಿರುಗಬೇಕು. ಈ ಮಾದರಿಗಳನ್ನು ತಯಾರಿಸಿದವರೆಲ್ಲ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದು ಆ ಒಂದು ಕ್ಷಣದ ಬಗ್ಗೆ. ಅದನ್ನು ಯಾರು ನೋಡಿಕೊಳ್ಳಬೇಕು? ಓಡಿಸುವವನ ಬೆರಳೋ, ಬೈಕಿನ ಮುಂಭಾಗದ ರಚನೆಯೋ, ಒಳಗಿನ ಯಂತ್ರವೋ? ಒಂದೊಂದು ಕಾಲದವರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಉತ್ತರ ಬದಲಾದಂತೆ ಕಲಿಯುವ ಬಗೆಯೂ ಬದಲಾಗಿದೆ.

ಪ್ರಶ್ನೆ ಮಾತ್ರ ಆಟಿಕೆಗಿಂತ ಬಹಳ ಹಳೆಯದು. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಸುಮಾರು 1870ರ ಹೊತ್ತಿಗೇ ಎರಡು ಚಕ್ರದ ಗಾಡಿ ತಿರುಗುವ ಬಗೆಯನ್ನು ಬರೆದಿಟ್ಟಿದ್ದ. ಬಲಕ್ಕೆ ಹೋಗುವ ಮುನ್ನ ಸವಾರ ತನಗೇ ಗೊತ್ತಿಲ್ಲದೆ ಹ್ಯಾಂಡಲ್ಲನ್ನು ಎಡಕ್ಕೆ ಒತ್ತುತ್ತಾನೆ ಎಂಬುದನ್ನು ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಕೂಡ ಗಮನಿಸಿದ್ದ. 1899ರಲ್ಲಿ ವಿಪಲ್ ಎಂಬ ಇಂಗ್ಲಿಷ್ ಗಣಿತಜ್ಞ ಸೈಕಲ್ಲಿನ ಚಲನೆಗೆ ಪೂರ್ಣ ಸಮೀಕರಣಗಳನ್ನು ಕೊಟ್ಟ. ಚಕ್ರ ತಿರುಗುತ್ತಿರುವುದರಿಂದ ಹುಟ್ಟುವ ಗೈರೊ ಬಲವೇ ಗಾಡಿಯನ್ನು ಬೀಳದಂತೆ ನಿಲ್ಲಿಸುತ್ತದೆ ಎಂದು ಬಹಳ ಜನ ನಂಬಿದ್ದರು. 1970ರಲ್ಲಿ ಡೇವಿಡ್ ಜೋನ್ಸ್ ಸೈಕಲ್ಲಿಗೆ ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಆ ಬಲವನ್ನು ರದ್ದುಮಾಡಿ ನೋಡಿದ. ಸೈಕಲ್ಲನ್ನು ಆಗಲೂ ಓಡಿಸಬಹುದಿತ್ತು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರಿದ್ದ ತಂಡವೊಂದು ಇನ್ನೂ ಮುಂದೆ ಹೋಗಿ, ಗೈರೊ ಬಲವೂ ಇಲ್ಲದ, ಮುಂದಿನ ಚಕ್ರದ ಹಿಂಸರಿತವೂ (ಹ್ಯಾಂಡಲ್ಲಿನ ಅಕ್ಷಕ್ಕಿಂತ ಹಿಂದೆ ಚಕ್ರ ನೆಲ ತಾಗುವ ‘ಟ್ರೇಲ್’) ಇಲ್ಲದ ಪುಟ್ಟ ಗಾಡಿಯೊಂದನ್ನು ಕಟ್ಟಿ ತಳ್ಳಿಬಿಟ್ಟಿತು. ಅದು ತನ್ನಷ್ಟಕ್ಕೆ ನೆಟ್ಟಗೆ ಓಡಿತು. ಬೀಳುತ್ತಿರುವ ಕಡೆಗೆ ಮುಂದಿನ ಚಕ್ರ ತಾನೇ ಹೊರಳಬೇಕು, ಅದು ಯಾವ ಕಾರಣದಿಂದಾದರೂ ಆಗಲಿ. ಎಲ್ಲ ಪ್ರಯೋಗಗಳ ಹಿಂದೆಯೂ ಇರುವುದು ಇಷ್ಟು.

ಮಾದರಿ ಬೈಕು ತಯಾರಿಸಿದವರು ಇದನ್ನು ಪುಸ್ತಕ ಓದಿ ಕಂಡುಕೊಂಡರೋ ಕೈಕೆಲಸದಲ್ಲಿ ಕಂಡುಕೊಂಡರೋ, ಕಂಡುಕೊಂಡದ್ದಂತೂ ನಿಜ. ಜಪಾನಿನ ಕ್ಯೋಶೋ ಕಂಪನಿ 1980ರ ದಶಕದಲ್ಲಿ ಎಲೆಕ್ ರೈಡರ್ ಎಂಬ ವಿದ್ಯುತ್ ಬೈಕನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅದೇ ಕಂಪನಿಯ ಹ್ಯಾಂಗ್ ಆನ್ ರೇಸರ್ ಬಂತು. ಹೋಂಡಾ ಎನ್‌ಎಸ್‌ಆರ್ 500 ರೇಸ್ ಬೈಕಿನ ಎಂಟನೇ ಒಂದರಷ್ಟು ಗಾತ್ರದ ಮಾದರಿ ಅದು. ಮೇಲೆ ಕೂತ ಸವಾರ ಗೊಂಬೆ ತಿರುವಿನಲ್ಲಿ ಮೊಣಕಾಲು ಹೊರಚಾಚಿ ಒಳಗಡೆಗೆ ಜಾರುತ್ತದೆ. ಹಳಬರು ಇಂದಿಗೂ ಆ ಹೆಸರು ಹೇಳಿದರೆ ಕಣ್ಣರಳಿಸುತ್ತಾರೆ. ಅದೇ ಬೈಕನ್ನು ಕಂಪನಿ ಈಚೆಗೆ ಮತ್ತೆ ತಯಾರಿಸಿತು.

ಇಂಥ ಬೈಕುಗಳ ಜೀವಾಳ ಇರುವುದು ಮುಂದಿನ ಫೋರ್ಕನ್ನು ಸರ್ವೊಗೆ, ಅಂದರೆ ರೇಡಿಯೊ ಆಜ್ಞೆಯಂತೆ ತಿರುಗುವ ಪುಟ್ಟ ಮೋಟಾರಿಗೆ, ಜೋಡಿಸುವ ರೀತಿಯಲ್ಲಿ. ಕಾರಿನಲ್ಲಿ ಸರ್ವೊ ಚಕ್ರವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬೈಕಿನಲ್ಲಿ ಹಾಗೆ ಹಿಡಿದರೆ ಕೆಟ್ಟಿತು. ಆದ್ದರಿಂದ ನಡುವೆ ಮೆತ್ತನೆಯ ಸ್ಪ್ರಿಂಗು ಇಡುತ್ತಾರೆ. ಇದನ್ನು ಕಣ್ಣಾರೆ ನೋಡಬೇಕಾದರೆ ಬೈಕು ನಿಧಾನವಾಗಿ ನಿಮ್ಮ ಮುಂದೆ ಹಾದುಹೋಗುವಾಗ ಮುಂದಿನ ಚಕ್ರವೊಂದನ್ನೇ ದಿಟ್ಟಿಸಿ. ‘ಬಲಕ್ಕೆ’ ಎಂಬ ಆಜ್ಞೆ ಬಂದೊಡನೆ ಸರ್ವೊ ಸ್ಪ್ರಿಂಗಿನ ಮೂಲಕ ಫೋರ್ಕನ್ನು ಎಡಕ್ಕೆ ಒಂದಿಷ್ಟು ಒತ್ತುತ್ತದೆ. ಆ ಅಲುಗಾಟ ಕಂಡೂ ಕಾಣದಷ್ಟು. ಟೈರು ನೆಲದ ಮೇಲೆ ಎಡಕ್ಕೆ ಸರಿಯುತ್ತದೆ, ಮೈ ಬಲಕ್ಕೆ ಬೀಳತೊಡಗುತ್ತದೆ. ವಾಲಿದ ಫೋರ್ಕು ಈಗ ಸ್ಪ್ರಿಂಗಿನ ಒತ್ತಡವನ್ನೂ ಮೀರಿ ತಾನಾಗಿಯೇ ಬಲಕ್ಕೆ ಹೊರಳುತ್ತದೆ, ಬೈಕು ವೃತ್ತ ಹಿಡಿಯುತ್ತದೆ. ಸ್ಪ್ರಿಂಗು ಗಡುಸಾದರೆ ಫೋರ್ಕು ಹೊರಳುವುದಿಲ್ಲ, ಬೈಕು ದಬ್ಬನೆ ಬೀಳುತ್ತದೆ. ಸಡಿಲವಾದರೆ ಆಜ್ಞೆ ಮುಟ್ಟುವುದಿಲ್ಲ, ಬೈಕು ತನ್ನ ದಾರಿ ತಾನು ಹಿಡಿಯುತ್ತದೆ. ವೇಗ ಏರಿದಾಗ ಫೋರ್ಕು ಗಡಗಡ ನಡುಗದಿರಲೆಂದು ಎಣ್ಣೆ ತುಂಬಿದ ಡ್ಯಾಂಪರ್ ಹಾಕುವುದುಂಟು. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಭಾಗ ಈ ಸ್ಪ್ರಿಂಗೇ. ಆಮೇಲೆ ಬಂದ ಎಷ್ಟೋ ದುಬಾರಿ ವಿದ್ಯೆಗಳು ಇದರ ಕೆಲಸವನ್ನು ಸುತ್ತು ಬಳಸಿ ಮಾಡುತ್ತವೆ.

ಕಲಿಯುವವರು ಇನ್ನೊಂದು ಸತ್ಯವನ್ನು ಮೊದಲೇ ಅರಿತಿರುವುದು ಒಳ್ಳೆಯದು. ಚಿಕ್ಕ ಬೈಕು ಬೇಗ ಬೀಳುತ್ತದೆ. ಪೆನ್ಸಿಲನ್ನು ಅಂಗೈ ಮೇಲೆ ನಿಲ್ಲಿಸುವುದಕ್ಕಿಂತ ಉದ್ದನೆಯ ಪೊರಕೆಯನ್ನು ನಿಲ್ಲಿಸುವುದು ಸುಲಭ ಎಂಬುದು ಮಕ್ಕಳಿಗೂ ಗೊತ್ತು. ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲದಂತೆ ಕುಗ್ಗುತ್ತದೆ. ಐದನೇ ಒಂದರಷ್ಟು ಗಾತ್ರದ ಬೈಕು ನಿಜವಾದ ಬೈಕಿಗಿಂತ ಸುಮಾರು 2.2 ಪಟ್ಟು ಬೇಗ ಬೀಳುತ್ತದೆ, ಎಂಟನೇ ಒಂದರದ್ದು 2.8 ಪಟ್ಟು. ಅದೇ ಲೆಕ್ಕದಲ್ಲಿ, ದೊಡ್ಡ ಬೈಕು ಗಂಟೆಗೆ 100 ಕಿ.ಮೀ. ವೇಗದಲ್ಲಿ ವಾಲುವಂತೆಯೇ ಐದನೇ ಒಂದರ ಮಾದರಿಯೂ ವಾಲಿ ತಿರುಗಬೇಕಾದರೆ ಅದಕ್ಕೆ 45 ಕಿ.ಮೀ. ಸಾಕು. ಸವಾರನಿಗೆ ಸೀಟಿನಿಂದ, ತೊಡೆಯಿಂದ, ಒಳಗಿವಿಯಿಂದ ಬರುವ ಸುದ್ದಿ ದೂರದಲ್ಲಿ ನಿಂತವನಿಗೆ ಬರುವುದಿಲ್ಲ, ಇರುವುದು ಕಣ್ಣೊಂದೇ. ಕಣ್ಣು ಕಂಡು ಬೆರಳು ಅಲುಗುವಷ್ಟರಲ್ಲಿ ಪುಟ್ಟ ಬೈಕು ಅರ್ಧ ಬಿದ್ದಿರುತ್ತದೆ. ಬೆರಳಿನಿಂದ ಬ್ಯಾಲೆನ್ಸ್ ಮಾಡುತ್ತೇನೆ ಎಂದು ಹೊರಟವರೆಲ್ಲ ಸೋಲುವುದು ಇದಕ್ಕೇ.

ಐದನೇ ಒಂದರ ಗಾತ್ರ ಈ ಹವ್ಯಾಸದ ಮುಖ್ಯ ಅಳತೆಯಾಗಿ ಬೆಳೆದದ್ದೂ ಅರ್ಧ ಇದೇ ಕಾರಣಕ್ಕೆ ಎಂದು ನನಗನಿಸುತ್ತದೆ. ಇಟಲಿಯ ನುವೋವಾ ಫಾವೊರ್ ಮತ್ತು ತೈವಾನಿನ ಥಂಡರ್ ಟೈಗರ್ ಕಂಪನಿಗಳ ಬೈಕುಗಳು ಆ ಅಳತೆಯಲ್ಲಿ ಹೆಸರು ಮಾಡಿದವು. ಬಿದ್ದರೂ ಪೂರ್ತಿ ಅಡ್ಡಬೀಳದಂತೆ ಎರಡೂ ಪಕ್ಕಗಳಲ್ಲಿ ಕ್ರ್ಯಾಶ್ ಬಾರ್ ಇರುತ್ತವೆ. ಎಡಬಾರಿನ ಮೇಲೆ ಒರಗಿ ನಿಂತ ಬೈಕಿಗೆ ‘ಬಲಕ್ಕೆ’ ಎಂದು ಆಜ್ಞೆ ಕೊಟ್ಟು ಮೆಲ್ಲಗೆ ಥ್ರಾಟಲ್ ಏರಿಸಿದರೆ, ಚಕ್ರ ಎಡಕ್ಕೆ ಹೊರಳಿ, ಮೈ ತಾನೇ ಎದ್ದು ನಿಲ್ಲುತ್ತದೆ. ಮೊದಲ ಪಾಠ ಇದೇ ಆಗಬೇಕು. ಬಿದ್ದಲ್ಲೆಲ್ಲ ಓಡಿಹೋಗಿ ಎತ್ತುವ ಕಷ್ಟ ತಪ್ಪುತ್ತದೆ ಎಂಬುದು ಒಂದು. ಥ್ರಾಟಲ್ ಎಂದರೆ ಬರೀ ವೇಗವಲ್ಲ, ಬೈಕನ್ನು ಎತ್ತಿ ನಿಲ್ಲಿಸುವ ಕೈಯೂ ಅದೇ ಎಂದು ಬೆರಳಿಗೆ ಗೊತ್ತಾಗುತ್ತದೆ ಎಂಬುದು ಇನ್ನೊಂದು, ಅದೇ ಹೆಚ್ಚಿನದು.

ಮುಂದಿನ ಪಾಠಗಳೆಲ್ಲ ಇದರಿಂದಲೇ ಹೊರಡುತ್ತವೆ. ತಿರುವಿನ ನಡುವೆ ಹೆದರಿ ಥ್ರಾಟಲ್ ಬಿಟ್ಟರೆ ಬೈಕು ಇನ್ನಷ್ಟು ಒಳಕ್ಕೆ ವಾಲುತ್ತದೆ. ಕಾರಿನ ಅಭ್ಯಾಸ ಇರುವವರು ಬೀಳಿಸುವುದು ಇಲ್ಲಿಯೇ. ತಿರುವಿಗೆ ಮೊದಲೇ ನಿಧಾನಿಸಿ, ಒಳಗೆ ಸಮನಾಗಿ ಎಳೆದು, ಹೊರಬರುವಾಗ ಏರಿಸಬೇಕು. ವಾಲಿದ ಬೈಕಿಗೆ ಬ್ರೇಕು ಮುಟ್ಟಿಸಬಾರದು. ಆಟದ ಮೈದಾನದಷ್ಟು ಜಾಗ, ಜಲ್ಲಿಯಿಲ್ಲದ ನೆಲ ಬೇಕು. ಮೊದಲು ದೊಡ್ಡ ವೃತ್ತಗಳು, ಎರಡೂ ಕಡೆಗೆ. ಆಮೇಲೆ ಎಂಟರ ಆಕಾರ. ಎಂಟರ ನಡುವಿನಲ್ಲಿ ಬೈಕು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವ ಜಾಗವೇ ನಿಜವಾದ ಪರೀಕ್ಷೆ. ಬೈಕು ನಿಮ್ಮತ್ತ ಬರುವಾಗ ಎಡಬಲ ಅದಲುಬದಲಾಗುವ ತೊಡಕಿಗೆ ಹಳಬರ ಉಪಾಯವೊಂದಿದೆ: ಮೈಯನ್ನು ಬೈಕು ಹೋಗುವ ದಿಕ್ಕಿಗೇ ತಿರುಗಿಸಿ, ಹೆಗಲ ಮೇಲಿಂದ ಹಿಂದಿರುಗಿ ನೋಡುತ್ತ ಓಡಿಸುವುದು.

2000ರ ದಶಕದಲ್ಲಿ ಬ್ರಷ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೊ ಒಟ್ಟೊಟ್ಟಿಗೆ ಬಂದವು. ಪಕ್ಕದವನ ಫ್ರೀಕ್ವೆನ್ಸಿ ತಾಗಿ ಬೈಕು ಕೈತಪ್ಪುವ ಕಾಟ ಕೊನೆಯಾಯಿತು. ಭಾರತದಲ್ಲಿ ಆ ತರಂಗಪಟ್ಟಿ 2005ರಲ್ಲಿ ಲೈಸೆನ್ಸಿನ ಹಂಗಿಲ್ಲದ್ದಾದ್ದರಿಂದ ನಮ್ಮ ಊರಿನ ಹವ್ಯಾಸಿಗೂ ಈ ಬಾಗಿಲು ತೆರೆಯಿತು. ಆದರೆ ಕಲಿಕೆಯನ್ನೇ ಬದಲಿಸಿದ್ದು ಬೇರೆ. ದಶಕದ ಕೊನೆಯ ಹೊತ್ತಿಗೆ ಡ್ಯೂರಾಟ್ರ್ಯಾಕ್ಸ್ ಡಿಎಕ್ಸ್ 450, ವೆನಮ್ ವಿಎಂಎಕ್ಸ್ 450ಯಂಥ ಮೊಟೊಕ್ರಾಸ್ ಬೈಕುಗಳು ಹಿಂದಿನ ಚಕ್ರದೊಳಗೆ ಚಕ್ರಕ್ಕಿಂತ ಜೋರಾಗಿ ತಿರುಗುವ ಫ್ಲೈವೀಲ್ ಅಡಗಿಸಿಕೊಂಡು ಬಂದವು. ಮಣ್ಣಿನಲ್ಲಿ ನಿಧಾನ ವೇಗದಲ್ಲಿ ಬೀಳುವ ಬೈಕನ್ನು ಗೈರೊ ಬಲ ತಡೆಹಿಡಿಯಿತು. ಅತ್ತ ಜಪಾನಿನ ಮುರಾಟಾ ಕಂಪನಿ 2005ರಲ್ಲಿ ತೋರಿಸಿದ ಸೈಕಲ್ ಸವಾರ ರೋಬಾಟ್ ‘ಮುರಾಟಾ ಬಾಯ್’, ಪುಟ್ಟ ಗೈರೊ ಸೆನ್ಸರ್ ವಾಲುವಿಕೆಯನ್ನು ಅಳೆದರೆ ಗಾಡಿ ನಿಂತಲ್ಲೇ ನಿಲ್ಲಬಹುದು ಎಂದು ಜಗತ್ತಿಗೆ ಕಾಣಿಸಿತು. ಈ ಎರಡೂ ಎಳೆಗಳು ಹವ್ಯಾಸಕ್ಕೆ ಒಟ್ಟಾಗಿ ದಕ್ಕಿದ್ದು 2023ರಲ್ಲಿ ಬಂದ ಲೋಸಿ ಪ್ರೊಮೋಟೊದಂಥ ನಾಲ್ಕನೇ ಒಂದರ ಬೈಕುಗಳಲ್ಲಿ: ಚಕ್ರದಲ್ಲಿ ಫ್ಲೈವೀಲ್, ತಲೆಯಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಕ. ಹೊಸಬರೂ ಮೊದಲ ದಿನವೇ ಸುತ್ತು ಹೊಡೆಯುತ್ತಾರೆ.

ಇದನ್ನು ಕಂಡು ಮೂಗು ಮುರಿಯುವ ಹಳಬರ ಜೊತೆ ನಾನಿಲ್ಲ. ಹೆಚ್ಚು ಜನ ಓಡಿಸಲಿ. ಆದರೆ ಯಂತ್ರದ ನೆರವನ್ನು ಹೊಂದಿಸಿಕೊಳ್ಳುವ ಅವಕಾಶವಿದ್ದರೆ, ಎಂಟರ ಆಕಾರ ಕೈಗೆ ಹತ್ತಿದ ಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುವುದು ಒಳ್ಳೆಯದು. ಭಾರದ ಫ್ಲೈವೀಲ್ ಬೀಳುವುದನ್ನು ತಡೆದಷ್ಟೇ ಹೊರಳುವುದನ್ನೂ ತಡೆಯುತ್ತದೆ. ಡಾಂಬರಿನ ಮೇಲೆ ಸರಸರ ಮಗ್ಗುಲು ಬದಲಿಸಬೇಕಾದಲ್ಲಿ ಅದು ಹೊರೆಯೇ. ಮಣ್ಣಿನ ದಿಬ್ಬದಿಂದ ಹಾರಿದ ಬೈಕಿನಲ್ಲಾದರೋ ಹಳೆಯ ಬೆರಳಿನ ಕೆಲಸ ಹಾಗೆಯೇ ಉಳಿದಿದೆ. ಗಾಳಿಯಲ್ಲಿ ಥ್ರಾಟಲ್ ಏರಿಸಿದರೆ ಹಿಂದಿನ ಚಕ್ರ ಜೋರಾಗಿ ತಿರುಗಿ ಮೂತಿ ಮೇಲೇಳುತ್ತದೆ, ಬ್ರೇಕು ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ಮುಂದಿನ ಇಳಿಜಾರಿಗೆ ಎರಡೂ ಚಕ್ರ ಸಮನಾಗಿ ತಾಗುವಂತೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಇನ್ನೂ ಓಡಿಸುವವನ ಕೈಯಲ್ಲೇ ಇದೆ.