ಪ್ರೌಢಶಾಲೆಗಳೂ ಆಟಗಾರರ ಕೀರ್ತಿಯೂ

ನಮ್ಮ ನಾಡಿನ ಅನೇಕ ಪ್ರೌಢಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯನ್ನು ಹೊಕ್ಕೊಡನೆ ಗೋಡೆಯ ಮೇಲೆ ಒಂದು ದೊಡ್ಡ ಹಲಗೆಯು ಕಣ್ಣಿಗೆ ಬೀಳುತ್ತದೆ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದವರ ಹೆಸರುಗಳನ್ನು ವರ್ಷವಾರಾಗಿ ಅದರಲ್ಲಿ ಬರೆದಿರುತ್ತಾರೆ. ಅದರ ಮಗ್ಗುಲಿನ ಗಾಜಿನ ಬೀರುವಿನಲ್ಲಿ ಬಣ್ಣ ಮಾಸಿದ ಕೆಲವು ಬಟ್ಟಲುಗಳು ಇರುತ್ತವೆ. ಅವು ಆಟಗಳಲ್ಲಿ ಗೆದ್ದು ತಂದವು. ಬಟ್ಟಲಿನ ಮೇಲೆ ವರ್ಷವುಂಟು, ಪಂದ್ಯದ ಹೆಸರುಂಟು. ಗೆದ್ದ ಹುಡುಗರ ಹೆಸರು ಮಾತ್ರ ಇರುವುದಿಲ್ಲ. ಓದಿದವನನ್ನು ಶಾಲೆಯು ನೆನೆಯುತ್ತದೆ, ಓಡಿದವನನ್ನು ಮರೆಯುತ್ತದೆ. ಶ್ರೋತೃಗಳೆ, ಈ ದಿನ ನಾವು ಹೇಳಲೆಳಸುವುದು ಆ ಮರೆವಿನ ವಿಷಯವನ್ನೇ. ಅದಕ್ಕಾಗಿ ಕನ್ನಡನಾಡಿನ ಮೂರು ಪ್ರೌಢಶಾಲೆಗಳನ್ನೂ, ಅವುಗಳಲ್ಲಿ ಕಲಿತು ಜಗದ್ವಿಖ್ಯಾತರಾದ ಮೂವರು ಆಟಗಾರರನ್ನೂ ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ಮೈಸೂರು ಬೆಂಗಳೂರುಗಳ ಶಾಲೆಗಳ ಕಥೆಯು ತಮಗೇತಕ್ಕೆಂದು ತುಂಗಭದ್ರೆಯ ದಡದ ಹಂಪಸಾಗರದವರೂ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆಯವರೂ ಕೇಳಬಹುದು. ಆ ಸೀಮೆಯು ಬಹುಕಾಲ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಅಲ್ಲಿನ ಶಾಲೆಗಳ ಪೂರ್ವಚರಿತ್ರೆಯೇ ಬೇರೆ. ಆದರೂ ಈ ಪ್ರಶ್ನೆಗೆ ಉತ್ತರವುಂಟು. ಅದನ್ನು ಕಡೆಯಲ್ಲಿ ಹೇಳುವೆವು.

ಮೊದಲನೆಯದು ಮೈಸೂರಿನ ಮರಿಮಲ್ಲಪ್ಪನವರ ಪ್ರೌಢಶಾಲೆ. ಅರಮನೆಯ ಸೇವೆಯಲ್ಲಿದ್ದ ಗುರಿಕಾರ ಮರಿಮಲ್ಲಪ್ಪನವರು ವಿದ್ಯಾದಾನಕ್ಕೆಂದು ಬಿಟ್ಟುಹೋದ ದತ್ತಿಯಿಂದ 1876ರಲ್ಲಿ ಇದು ಹುಟ್ಟಿತು. ಮೈಸೂರಿನ ಜನರು ತಾತಯ್ಯನೆಂದು ಅಕ್ಕರೆಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದರ ಮುಖ್ಯೋಪಾಧ್ಯಾಯರಾಗಿದ್ದು ಇದಕ್ಕೆ ಹೆಸರು ತಂದರು. ಎರಡನೆಯದು ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಆನಿ ಬೆಸೆಂಟರು ಎಬ್ಬಿಸಿದ ರಾಷ್ಟ್ರೀಯ ಶಿಕ್ಷಣದ ಅಲೆಯಲ್ಲಿ 1917ರಲ್ಲಿ ಸ್ಥಾಪಿತವಾದುದು. 1935ರಲ್ಲಿ ಗೌರಿಬಿದನೂರಿನ ಕಡೆಯ ಹೊಸೂರೆಂಬ ಹಳ್ಳಿಯಿಂದ ಒಬ್ಬ ಬಡ ಹುಡುಗನು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಸೇರಿದುದು ಈ ಶಾಲೆಗೇ. ಆತನೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು. ಮೂರನೆಯದು ಬೆಂಗಳೂರು ದಂಡಿನ ಪ್ರದೇಶದ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆ. ಫ್ರೆಂಚ್ ಪಾದ್ರಿಗಳು 1858ರಲ್ಲಿ ಇದನ್ನು ಆರಂಭಿಸಿದರು; 1937ರಲ್ಲಿ ಇದು ಜೆಸ್ಯೂಟ್ ಪಾದ್ರಿಗಳ ಕೈಗೆ ಬಂದಿತು.

ಒಂದು ಶಾಲೆಯು ಒಬ್ಬ ಗೃಹಸ್ಥರ ದತ್ತಿಯಿಂದ, ಮತ್ತೊಂದು ದೇಶಾಭಿಮಾನದಿಂದ, ಇನ್ನೊಂದು ಧರ್ಮಪ್ರಚಾರಕರ ಶ್ರಮದಿಂದ ಹುಟ್ಟಿದುದನ್ನು ಶ್ರೋತೃಗಳು ಗಮನಿಸಬೇಕು. ಇವುಗಳ ಮೂಲ ಬೇರೆ, ಬಾಳಿದ ರೀತಿ ಬೇರೆ. ಈ ಮೂರರಲ್ಲಿ ಯಾವುದೊಂದೂ ಆಟಗಾರರನ್ನು ತಯಾರಿಸಬೇಕೆಂಬ ಉದ್ದೇಶದಿಂದ ಹುಟ್ಟಿದುದಲ್ಲ. ಹೀಗಿದ್ದರೂ ಈ ಮೂರು ಶಾಲೆಗಳ ವಿದ್ಯಾರ್ಥಿಗಳು ಒಂದು ದಿನ ಒಂದೇ ಬಯಲಿನಲ್ಲಿ, ಒಂದೇ ತಂಡದಲ್ಲಿ ನಿಂತು, ಕ್ರಿಕೆಟ್ ಆಟದ ಚರಿತ್ರೆಯಲ್ಲಿ ಅತಿ ವಿರಳವಾದ ಒಂದು ಕಾರ್ಯವನ್ನು ಸಾಧಿಸಿದರು.

ಆ ದಿನ 1999ರ ಫೆಬ್ರವರಿ 7. ಸ್ಥಳ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನದ ತಂಡವು ಗೆಲ್ಲಲು 420 ಓಟಗಳನ್ನು ಗಳಿಸಬೇಕಾಗಿದ್ದಿತು. ಕೆಲವೇ ದಿನಗಳ ಹಿಂದೆ ಚೆನ್ನೈಯಲ್ಲಿ ಭಾರತವು 12 ಓಟಗಳಿಂದ ಸೋತಿದ್ದುದರಿಂದ ಜನರ ಮನಸ್ಸು ಕುದಿಯುತ್ತಿದ್ದಿತು. ಪಾಕಿಸ್ತಾನದ ಮೊದಲ ಜೋಡಿಯು ಒಂದು ವಿಕೆಟ್ಟೂ ಬೀಳದಂತೆ 101 ಓಟಗಳನ್ನು ಕೂಡಿಸಿತು. ಆ ಬಳಿಕ ನ್ಯಾಷನಲ್ ಹೈಸ್ಕೂಲಿನ ಹಳೆಯ ವಿದ್ಯಾರ್ಥಿ ಅನಿಲ್ ಕುಂಬ್ಳೆಯವರ ಕೈಯಲ್ಲಿ ಚೆಂಡು ತಿರುಗಲಾರಂಭಿಸಿತು. ಒಂದಾದ ಮೇಲೊಂದರಂತೆ ವಿಕೆಟ್ಟುಗಳು ಉರುಳಿದುವು. ಎಂಟನೆಯ ವಿಕೆಟ್ಟಿನ ಕ್ಯಾಚನ್ನು ಹಿಡಿದವರು ಸೇಂಟ್ ಜೋಸೆಫ್ಸ್ ಶಾಲೆಯ ರಾಹುಲ್ ದ್ರಾವಿಡರು. ಒಂಬತ್ತನೆಯದೂ ಕುಂಬ್ಳೆಯವರಿಗೇ ಸಂದಿತು.

ಇನ್ನುಳಿದುದು ಒಂದೇ ವಿಕೆಟ್. ಆದರೆ ಮುಂದಿನ ಸರದಿಯ ಆರು ಎಸೆತಗಳು ಇನ್ನೊಂದು ತುದಿಯಿಂದ ಬರಬೇಕಾಗಿದ್ದುವು. ಅಲ್ಲಿ ಚೆಂಡನ್ನು ಹಿಡಿದು ನಿಂತವರು ಮರಿಮಲ್ಲಪ್ಪನವರ ಶಾಲೆಯ ಜಾವಗಲ್ ಶ್ರೀನಾಥರು. ಅವರ ಬಾಳೆಲ್ಲ ವಿಕೆಟ್ಟುಗಳನ್ನು ಕೆಡಹುವ ಸಾಧನೆಯಲ್ಲಿ ಕಳೆದುದು. ಆ ಇನಿಂಗ್ಸಿನಲ್ಲಿ ಅವರಿಗೆ ಒಂದೂ ದೊರೆತಿರಲಿಲ್ಲ. ಆದರೂ ಶ್ರೀನಾಥರು ಚೆಂಡನ್ನು ಬೇಕೆಂದೇ ವಿಕೆಟ್ಟಿನಿಂದ ದೂರವಾಗಿ, ದಾಂಡಿಗನಿಗೆ ನಿಲುಕದ ಹಾಗೆ ಎಸೆದರು. ಗೆಳೆಯನ ಹತ್ತನೆಯ ವಿಕೆಟ್ಟು ತಮ್ಮ ಕೈಯಿಂದ ಕೆಡಬಾರದೆಂಬುದೇ ಅದರ ಕಾರಣ. ಮುಂದಿನ ಸರದಿಯಲ್ಲಿ ಕುಂಬ್ಳೆಯವರ ಎಸೆತಕ್ಕೆ ವಾಸೀಂ ಅಕ್ರಮರು ಕ್ಯಾಚಿತ್ತರು. ಪಾಕಿಸ್ತಾನವು 207 ಓಟಗಳಿಗೆ ಮುಗಿಯಿತು. ಭಾರತವು 212 ಓಟಗಳಿಂದ ಗೆದ್ದಿತು. ಕುಂಬ್ಳೆಯವರು 74 ಓಟಗಳನ್ನಿತ್ತು ಹತ್ತೂ ವಿಕೆಟ್ಟುಗಳನ್ನು ಪಡೆದಿದ್ದರು. ಅದಕ್ಕೆ ಮುಂಚೆ ಟೆಸ್ಟ್ ಪಂದ್ಯದ ಒಂದು ಇನಿಂಗ್ಸಿನಲ್ಲಿ ಹತ್ತನ್ನೂ ಪಡೆದಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಂ ಲೇಕರ್ ಒಬ್ಬರೇ. ಮೂರನೆಯವರಾಗಿ ನ್ಯೂಜಿಲೆಂಡಿನ ಎಜಾಜ್ ಪಟೇಲರು 2021ರಲ್ಲಿ ಮುಂಬಯಿಯಲ್ಲಿ ಇದನ್ನು ಸಾಧಿಸಿದರು.

ಹತ್ತು ವಿಕೆಟ್ಟುಗಳ ಸುದ್ದಿಯು ಲೋಕಕ್ಕೆಲ್ಲ ಹಬ್ಬಿತು, ಅದು ನ್ಯಾಯವೇ. ಆದರೆ ಪ್ರೌಢಶಾಲೆಯ ಉಪಾಧ್ಯಾಯರು ತಮ್ಮ ಹುಡುಗರಿಗೆ ಎತ್ತಿ ಹೇಳಬೇಕಾದುದು ಶ್ರೀನಾಥರ ಆ ಆರು ಎಸೆತಗಳ ಸಂಗತಿಯನ್ನೆಂದು ನಮ್ಮ ಅಭಿಪ್ರಾಯ. ವಿಕೆಟ್ಟಿನ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಅದೇ ತಿಂಗಳಿನಲ್ಲಿ, ಕೋಲ್ಕತ್ತೆಯ ಪಂದ್ಯದಲ್ಲಿ ಶ್ರೀನಾಥರು ಒಬ್ಬರೇ 13 ವಿಕೆಟ್ಟುಗಳನ್ನು ಪಡೆದರು. ಅಷ್ಟಾದರೂ ಭಾರತವು 46 ಓಟಗಳಿಂದ ಸೋತುಹೋಯಿತು. ಒಂದು ವಾರದಲ್ಲಿ ಗೆಳೆಯನ ಕೀರ್ತಿಗೆ ಮರೆಯಾಗಿ ನಿಲ್ಲುವುದು, ಮತ್ತೊಂದು ವಾರದಲ್ಲಿ ಪೂರ್ಣ ಶಕ್ತಿಯಿಂದ ಆಡಿಯೂ ಸೋಲನ್ನು ಸಹಿಸುವುದು, ಇವೆರಡೂ ಪಾಠಗಳೇ. ಇವನ್ನು ಪಠ್ಯಪುಸ್ತಕದಿಂದ ಕಲಿಸುವುದು ಸುಲಭವಲ್ಲ.

ಮೂವರ ಸಾಧನೆಯನ್ನು ಸಂಖ್ಯೆಯಲ್ಲಿ ಹೇಳುವುದಾದರೆ, 1969ರಲ್ಲಿ ಹುಟ್ಟಿದ ಶ್ರೀನಾಥರು 67 ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ಟುಗಳನ್ನು ಪಡೆದು 2003ರ ವಿಶ್ವಕಪ್ಪಿನೊಡನೆ ನಿವೃತ್ತರಾದರು. 1970ರಲ್ಲಿ ಹುಟ್ಟಿದ ಕುಂಬ್ಳೆಯವರು 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ಟುಗಳನ್ನು ಗಳಿಸಿದರು. ಅವರ ಮನೆತನದ ಹೆಸರು ಕಾಸರಗೋಡಿನ ಕುಂಬಳೆಯಿಂದ ಬಂದುದೆಂಬುದು ಗಡಿನಾಡಿನ ಕನ್ನಡಿಗರಿಗೆ ಹೆಮ್ಮೆಯ ವಿಷಯ. 2002ರಲ್ಲಿ ಆಂಟಿಗಾ ದ್ವೀಪದಲ್ಲಿ ದವಡೆಯ ಮೂಳೆ ಮುರಿದಿದ್ದರೂ, ಮುಖಕ್ಕೆ ಪಟ್ಟಿಯನ್ನು ಬಿಗಿದುಕೊಂಡು ಬಂದು 14 ಓವರುಗಳನ್ನು ಎಸೆದು ಲಾರಾರಂಥ ಮಹಾ ದಾಂಡಿಗರನ್ನು ಔಟು ಮಾಡಿದವರು ಅವರು. 1973ರಲ್ಲಿ ಹುಟ್ಟಿದ ದ್ರಾವಿಡರು 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿ, 210 ಕ್ಯಾಚುಗಳನ್ನು ಹಿಡಿದು, 2012ರಲ್ಲಿ ನಿವೃತ್ತರಾದರು.

ಇನ್ನು ಒಂದು ಸಂಗತಿಯನ್ನು ತಂದೆತಾಯಿಗಳು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆಟಕ್ಕೆ ಹೋದ ಹುಡುಗನು ಓದಿನಲ್ಲಿ ಕೆಟ್ಟನೆಂದು ನಮ್ಮ ಊರುಗಳಲ್ಲಿ ಈಗಲೂ ಹೇಳುವುದುಂಟು. ಶ್ರೀನಾಥರೂ ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರು. ದ್ರಾವಿಡರು ವಾಣಿಜ್ಯಶಾಸ್ತ್ರವನ್ನೋದಿ, ಅದರ ಮುಂದಿನ ವ್ಯಾಸಂಗದಲ್ಲಿ ತೊಡಗಿದ್ದಾಗಲೇ ಭಾರತದ ತಂಡಕ್ಕೆ ಆರಿಸಲ್ಪಟ್ಟರು. ಎಲ್ಲ ಹುಡುಗರಿಗೂ ಇದು ಸಾಧ್ಯವೆಂದು ನಾವು ಹೇಳುವುದಿಲ್ಲ. ಹತ್ತನೆಯ ತರಗತಿಗೆ ಬಂದೊಡನೆ ಚೆಂಡನ್ನು ಕಿತ್ತುಕೊಂಡು ಪೆಟ್ಟಿಗೆಯಲ್ಲಿಡುವ ಪದ್ಧತಿಗೆ ಈ ಮೂವರ ಬಾಳು ಉತ್ತರವಾಗಿದೆಯೆಂದಷ್ಟೇ ಹೇಳುತ್ತೇವೆ.

ಹಾಗಾದರೆ ಇವರ ಕೀರ್ತಿಯಲ್ಲಿ ಶಾಲೆಯ ಪಾಲೆಷ್ಟು? ಅದನ್ನು ಉಬ್ಬಿಸಿ ಹೇಳಬಾರದು. ಮೂವರಿಗೂ ಮನೆಯ ಆಸರೆಯಿದ್ದಿತು. ನಗರದ ಕ್ಲಬ್ಬುಗಳೂ ಬಲ್ಲ ಹಿರಿಯರೂ ಇದ್ದರು. ದ್ರಾವಿಡರನ್ನು ಬಾಲ್ಯದಲ್ಲಿ ತಿದ್ದಿದವರು ಕೇಕಿ ತಾರಾಪೋರರು. ಶ್ರೀನಾಥರ ಶಕ್ತಿಯನ್ನು ಮೊದಲು ಗುರುತಿಸಿದವರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥರು ಮುಖ್ಯರು. ಶಾಲೆಯು ಕೊಡಬಲ್ಲುದು ಅದಕ್ಕಿಂತ ಸರಳವಾದ ಮೂರು ವಸ್ತುಗಳು: ಆಡಲು ಒಂದು ಬಯಲು, ಸಂಜೆಯ ಒಂದು ಗಂಟೆ, ಪಂದ್ಯಕ್ಕೆ ಹೋಗಿಬರಲು ಒಂದು ದಿನದ ರಜೆ. ಇವನ್ನು ಕೊಟ್ಟರೆ ಉಳಿದುದಕ್ಕೆ ದಾರಿಯಾಗುತ್ತದೆ. ಇವನ್ನೇ ಕೊಡದಿದ್ದರೆ ಯಾವ ಗುರುವಿನ ಕಣ್ಣಿಗೂ ಹುಡುಗನು ಬೀಳುವುದೇ ಇಲ್ಲ.

ಈಗ ನಾವು ಹಂಪಸಾಗರದ ಕಡೆಯವರ ಪ್ರಶ್ನೆಗೆ ಬರುತ್ತೇವೆ. ನಗರದ ಶಾಲೆಗಳ ಹಿಂದೆ ನಗರವೇ ಇದ್ದಿತು. ಹಳ್ಳಿಯ ಶಾಲೆಯ ಹಿಂದೆ ಏನಿದೆಯೆಂದು ಅವರು ಕೇಳುವುದು ಸಹಜ. ಇದಕ್ಕೆ ಕ್ರಿಕೆಟ್ಟಿನಿಂದ ಉತ್ತರ ಕೊಡುವುದಕ್ಕಿಂತ ಖೋ-ಖೋ ಆಟದಿಂದ ಕೊಡುವುದು ಲೇಸು. 27 ಮೀಟರು ಉದ್ದ, 16 ಮೀಟರು ಅಗಲದ ನೆಲವೂ, ನೆಟ್ಟ ಎರಡು ಕಂಬಗಳೂ ಇದ್ದರೆ ಈ ಆಟಕ್ಕೆ ಸಾಕು; ದಾಂಡು ಬೇಡ, ಚೆಂಡು ಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಈ ಆಟದ ಮೊದಲನೆಯ ವಿಶ್ವಕಪ್ಪು ನಡೆಯಿತು. ಜನವರಿ 19ರ ಕಡೆಯ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78ಕ್ಕೆ 40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ಆಡಿದ ಬಿ. ಚೈತ್ರಾ ಎಂಬುವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕುರುಬೂರು ಕಾವೇರಿಯ ಸೀಮೆಯ ಒಂದು ಹಳ್ಳಿ. ಹಂಪಸಾಗರವು ತುಂಗಭದ್ರೆಯ ಸೀಮೆಯ ಒಂದು ಹಳ್ಳಿ. ಒಂದಕ್ಕೆ ಆದುದು ಮತ್ತೊಂದಕ್ಕೆ ಆಗಬಾರದೆಂಬ ನಿಯಮವಿಲ್ಲ.

ಇಲ್ಲಿ ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತನ್ನು ಹೇಳದಿರಲಾರೆವು. ನಾವು ಆರಿಸಿದ ಮೂವರೂ ಗಂಡಸರು. ಕುಂಬ್ಳೆ ದ್ರಾವಿಡರು ಇನ್ನೂ ಎಳೆಯ ಮಕ್ಕಳಾಗಿದ್ದ 1976ರಲ್ಲಿಯೇ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು ಭಾರತದ ಮಹಿಳಾ ಕ್ರಿಕೆಟ್ ತಂಡದ ನಾಯಕಿಯಾಗಿ, ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ, ಭಾರತದ ಮಹಿಳೆಯರಿಗೆ ಮೊದಲನೆಯ ಟೆಸ್ಟ್ ಜಯವನ್ನು ತಂದರು. ಮೂವರು ಗಂಡಸರ ಹೆಸರನ್ನು ಬಲ್ಲ ನೂರು ಹುಡುಗರಲ್ಲಿ ಈ ಹೆಸರನ್ನು ಬಲ್ಲವರೆಷ್ಟು ಮಂದಿಯೆಂದು ಉಪಾಧ್ಯಾಯರೇ ಕೇಳಿ ನೋಡಲಿ. ಬಟ್ಟಲಿನ ಮೇಲೆ ಹುಡುಗನ ಹೆಸರಿಲ್ಲದುದು ಒಂದು ಮರೆವಾದರೆ, ಹುಡುಗಿಯನ್ನು ಬಯಲಿಗೇ ಕರೆಯದಿರುವುದು ಅದಕ್ಕಿಂತ ದೊಡ್ಡ ಮರೆವು.

ಕಡೆಯದಾಗಿ ನಮ್ಮ ಬಿನ್ನಹ ಎರಡು. ಮೊದಲನೆಯದು, ಪ್ರತಿಯೊಂದು ಪ್ರೌಢಶಾಲೆಯೂ ಒಂದು ಗಟ್ಟಿ ರಟ್ಟಿನ ದಾಖಲೆ ಪುಸ್ತಕವನ್ನು ತೆಗೆದಿಟ್ಟು, ತಾಲ್ಲೂಕಿನ ಪಂದ್ಯದಿಂದ ಹಿಡಿದು ಶಾಲೆಯ ಪರವಾಗಿ ಆಡಿದ ಎಲ್ಲ ಬಾಲಕ ಬಾಲಕಿಯರ ಹೆಸರನ್ನೂ ವರ್ಷವನ್ನೂ ಬರೆದಿಡಲಿ. ಗೆದ್ದವರದು ಮಾತ್ರವಲ್ಲ, ಸೋತು ಬಂದವರದೂ ಇರಲಿ. ಗೆಳೆಯನ ಗೆಲುವಿಗಾಗಿ ತನ್ನ ಸರದಿಯನ್ನು ಬಿಟ್ಟುಕೊಟ್ಟವನದೂ ಇರಲಿ. ಹಳೆಯ ವಿದ್ಯಾರ್ಥಿಗಳು ಊರಿನಲ್ಲಿ ಇನ್ನೂ ಇರುವಾಗಲೇ ಅವರನ್ನು ಕರೆದು ಕೇಳಿದರೆ, ಹಿಂದಿನ ಮೂವತ್ತು ನಲವತ್ತು ವರ್ಷಗಳ ಹೆಸರುಗಳಾದರೂ ದೊರೆಯುವುವು. ತಡಮಾಡಿದರೆ ಹೇಳುವವರೂ ಇಲ್ಲವಾಗುವರು.

ಎರಡನೆಯದು ಬಯಲಿನ ವಿಷಯ. ಶಾಲೆಯ ಬಯಲು ಬರಿದಾಗಿ ಕಾಣುವುದರಿಂದ ಅದರ ಮೇಲೆ ಎಲ್ಲರಿಗೂ ಕಣ್ಣು. ಒಂದು ವರ್ಷ ಒಂದು ಮೂಲೆಯಲ್ಲಿ ಕಟ್ಟಡವೇಳುತ್ತದೆ, ಮತ್ತೊಂದು ವರ್ಷ ನಡುವೆಯೇ ದಾರಿ ಬೀಳುತ್ತದೆ. ಕಟ್ಟಡವನ್ನು ಇನ್ನೊಂದೆಡೆಯಲ್ಲಿ ಕಟ್ಟಬಹುದು. ಊರಿನ ನಡುವೆ ಹೋದ ಬಯಲನ್ನು ಮರಳಿ ತರಲಾಗದು. ಗುರಿಕಾರ ಮರಿಮಲ್ಲಪ್ಪನವರು ತಮ್ಮ ದತ್ತಿಯನ್ನು ಬರೆದಿಟ್ಟಾಗ, ನೂರು ವರ್ಷಗಳಾಚೆಗೆ ವೇಗದಿಂದ ಚೆಂಡನ್ನೆಸೆಯುವ ಹುಡುಗನೊಬ್ಬನು ಆ ಶಾಲೆಯಲ್ಲಿ ಕಲಿಯುವನೆಂದು ಊಹಿಸಿರಲಾರರು. ಹಂಪಸಾಗರದ ಶಾಲೆಯ ಬಯಲಿನಲ್ಲಿ ಈ ಸಂಜೆ ಓಡುತ್ತಿರುವ ಮಕ್ಕಳಲ್ಲಿ ಯಾರು ಏನಾಗುವರೆಂದು ನಾವೂ ಊಹಿಸಲಾರೆವು. ಆ ಬಯಲನ್ನು ಕಾದಿಡುವುದು ಊರಿನ ಹಿರಿಯರ ಕೈಯಲ್ಲಿದೆ. ಅವರು ಅದನ್ನು ನಡೆಸಿಕೊಡುವರೆಂದು ನಂಬಿ ನಮ್ಮ ಮಾತನ್ನು ಮುಗಿಸುತ್ತೇವೆ.